ಡಿ ಹಾಕಿದರೂ ಕದಲದ ಕಾರು

ಇದರಲ್ಲಿ ಒಂದು ಮಾತು ಸುಳ್ಳಾಗಿದ್ದರೆ ಹೇಳಿದ ನಾಲಿಗೆಗೆ ಇವತ್ತಿನಿಂದ ಕಾಫಿ ರುಚಿಯೇ ಹತ್ತದೆ ಹೋಗಲಿ. ಇದು ಶಿವಮೊಗ್ಗದ ವಿನೋಬನಗರದಲ್ಲಿ, ಹಾಡಹಗಲಲ್ಲಿ, ಕಣ್ಣು ಕಿವಿ ನೆಟ್ಟಗಿರುವ ಜನರ ನಡುವೆಯೇ ನಡೆದದ್ದು. ಅನುಮಾನವಿದ್ದರೆ ಬಸವರಾಜೇಶ್ವರಿಯನ್ನೇ ಕೇಳಿ. ವಸಂತಮ್ಮನ ಪಕ್ಕದ ಮನೆಯವಳು. ಎಲ್ಲವನ್ನೂ ಕಣ್ಣಾರೆ ಕಂಡವಳು. ಕಾಣದ್ದನ್ನೂ ಕಂಡವಳು.

ಆಯುಧಪೂಜೆಯ ಮಾರನೆಯ ಬೆಳಿಗ್ಗೆ. ಬಸವರಾಜೇಶ್ವರಿ ಏಳುವಾಗ ಬಿಸಿಲು ಹಾಸಿಗೆಗೆ ಬಂದಿತ್ತು. ಬಾಗಿಲಿಗೆ ಬಂದ ಹಾಲಿನ ಪ್ಯಾಕೆಟ್ಟನ್ನು ಬೆಕ್ಕು ಆಗಲೇ ಹರಿದು ಮುಗಿಸಿತ್ತು. ಹಬ್ಬದ ಹೋಳಿಗೆಯ ಮತ್ತು ಎಂದುಕೊಂಡು ಆಕಳಿಸಿದಳು. ಆಕಳಿಕೆ ಅರ್ಧಕ್ಕೇ ನಿಂತಿತು.

ಪಕ್ಕದ ಮನೆಯಲ್ಲಿ ಕಾರು ಕೂಗುತ್ತಿತ್ತು. ಎಂಥ ಕೂಗು! ತುಂಗೆಯಲ್ಲಿ ಬಟ್ಟೆ ಒಗೆಯುವವರು ಎದ್ದು ದಡ ಹತ್ತಿರಬೇಕು, ಅಷ್ಟು ಕೂಗು. ಸೆರಗು ಸಿಕ್ಕಿಸಿಕೊಂಡು ಓಡಿದಳು.

ಮನೆ ಮುಂದಿನ ಪೋರ್ಟಿಕೋದಲ್ಲಿ ಕಾರು ನಿಂತಿತ್ತು. ಸ್ಟೀರಿಂಗ್ ಹಿಂದೆ ವಸಂತಮ್ಮ. ಎಂಜಿನ್ ಬೊಬ್ಬೆ ಹೊಡೆಯುತ್ತಿದೆ, ಗಾಡಿ ಮಾತ್ರ ಹಟ ಹಿಡಿದ ಎತ್ತಿನ ಹಾಗೆ ನಿಂತಿದೆ. ಪೂಜೆಗೆ ಚಕ್ರದ ಕೆಳಗಿಟ್ಟ ನಿಂಬೆಹಣ್ಣು ಕೂಡ ಚಪ್ಪಟೆಯಾಗಿಲ್ಲ.

"ಎಂತಾಯ್ತು ವಸಂತಕ್ಕ?"

"ಮುಂದಕ್ಕೆ ಹೋಗೋ ಡಿ ಗೇರ್ ಹಾಕಿ ಎಷ್ಟೊತ್ತಾಯ್ತು ಮಾರಾಯ್ತಿ. ಸಹಸ್ರನಾಮ ಹೇಳಿ ಮುಗಿಸ್ಬೋದು. ಕದಲ್ತಾ ಇಲ್ಲ."

ಹೇಳಿ ಮುಗಿಸುವಷ್ಟರಲ್ಲಿ — ಧಡಕ್! ಯಾರೋ ಹಿಂದಿನಿಂದ ಒದ್ದಂತೆ ಕಾರು ಮುಂದಕ್ಕೆ ಜಿಗಿಯಿತು. ನಿಂಬೆಹಣ್ಣು ಪಚಕ್ಕೆಂದಿತು. ವಸಂತಮ್ಮ ಬ್ರೇಕ್ ಒತ್ತದಿದ್ದರೆ ಬಸವರಾಜೇಶ್ವರಿಯ ಕತೆ ಅಲ್ಲಿಗೆ ಮುಗಿಯುತ್ತಿತ್ತು. ಮತ್ತೆ ಹಿಂದಕ್ಕೆ ತೆಗೆಯಲು ಆರ್ ಹಾಕಿದಾಗಲೂ ಅದೇ ಕೂಗು, ಅದೇ ಹಟ.

ವಸಂತಮ್ಮನ ಎಡಗಾಲು ಎಳವೆಯಲ್ಲೇ ಜ್ವರ ಬಂದು ಸೊರಗಿದ್ದು. ಕ್ಲಚ್ಚಿನ ಕಾರು ಅವಳಿಗೆ ಆಗದು. ಇದು ಕ್ಲಚ್ಚಿಲ್ಲದ ಆಟೋಮ್ಯಾಟಿಕ್. ಹಳೆಯದು, ಎರಡು ಕೈ ದಾಟಿ ಬಂದದ್ದು. ಅವಳ ಕಸುಬು ಮದುವೆ ಹೆಣ್ಣುಗಳಿಗೆ ಸೀರೆ ಉಡಿಸುವುದು. ಕಾರು ಬರುವ ಮುಂಚೆ ಛತ್ರದ ಬಾಗಿಲಲ್ಲಿ ಕೂತು, 'ನನ್ನ ಮನೆಗೆ ಯಾರು ಬಿಡ್ತೀರಿ?' ಎಂದು ಕಂಡವರನ್ನೆಲ್ಲ ಕೇಳಬೇಕಿತ್ತು. ಕಾರು ಬಂದ ಮೇಲೆ ಆ ಮಾತು ಅವಳ ಬಾಯಲ್ಲಿ ಯಾರೂ ಕೇಳಿಲ್ಲ.

ಒಳಗಿನಿಂದ ಅವಳ ಅಣ್ಣ ಕರಿಯಣ್ಣ ಬಂದ. ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ದುಡಿದು ನಿವೃತ್ತನಾದವನು. ಹಬ್ಬಕ್ಕೆ ತಂಗಿಯ ಮನೆಗೆ ಬಂದಿದ್ದ. ಬನಿಯನ್ನಿಗೂ ಇಸ್ತ್ರಿ ಹಾಕುವ ಮನುಷ್ಯ.

"ಗೇರ್‌ಬಾಕ್ಸ್ ಹೋಯ್ತು," ಎಂದ. ಬಾನೆಟ್ ಎತ್ತಲಿಲ್ಲ, ಬಗ್ಗಲಿಲ್ಲ. "ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಒಂದ್ಸಲ ಹೋದ್ರೆ ಹೋಯ್ತು. ಮಾರಿಬಿಡು ವಸಂತಿ. ಗುಜರಿ ಈಶ್ವರಪ್ಪಂಗೆ ಫೋನ್ ಮಾಡ್ತೀನಿ, ಮಧ್ಯಾಹ್ನಕ್ಕೇ ಬರ್ತಾನೆ."

"ನಾಳೆ ಭದ್ರಾವತೀಲಿ ಪ್ರಿಯದರ್ಶಿನಿ ನಿಶ್ಚಿತಾರ್ಥ. ನಾನು ಸೀರೆ ಉಡಿಸ್ಬೇಕು."

"ನಾನು ಆಟೋದಲ್ಲಿ ಕರ್ಕೊಂಡ್ ಹೋಗ್ತೀನಿ."

"ನಾಡಿದ್ದು?"

"ನಾಡಿದ್ದೂ ಯಾರಾದ್ರೂ ಬಿಡ್ತಾರೆ."

ವಸಂತಮ್ಮನ ದವಡೆ ಗಟ್ಟಿಯಾಯಿತು. ಬಸವರಾಜೇಶ್ವರಿಗೆ ಆ ದವಡೆ ಗೊತ್ತು. ಹದಿನಾರು ಮೊಳದ ಸೀರೆ ಒಪ್ಪದ ಮದುಮಗಳ ಎದುರಿಗೂ ಅದು ಹಾಗೇ ಗಟ್ಟಿಯಾಗುತ್ತದೆ. ಗೆಲ್ಲುವುದು ಯಾವಾಗಲೂ ದವಡೆಯೇ.

"ಯಾರೂ ಬಿಡೋದು ಬೇಡ. ಸತ್ತಿದೆ ಅನ್ನೋಕ್ಕೆ ಮುಂಚೆ ನಾಡಿ ನೋಡ್ಬೇಕು ಅಣ್ಣ. ಬಸವರಾಜೇಶ್ವರಿ, ಬಾನೆಟ್ ಎತ್ತು."

ಕಾರು ಸ್ವಲ್ಪ ಹೊತ್ತು ಓಡಿ ಬಿಸಿಯಾಗಲಿ ಎಂದು ಕಾದಳು. ಬಲಗಾಲನ್ನು ಬ್ರೇಕಿನ ಮೇಲೆ ಒತ್ತಿ, ಗೇರಿನ ಹಿಡಿಯನ್ನು ಒಂದೊಂದೇ ಮನೆಗೆ ಸರಿಸಿ, ಕೊನೆಗೆ ಪಿ ಎನ್ನುವ ಪಾರ್ಕಿಂಗಿಗೆ ತಂದಳು. ಹ್ಯಾಂಡ್‌ಬ್ರೇಕ್ ಎಳೆದಳು. ಎಂಜಿನ್ ಓಡುತ್ತಲೇ ಇತ್ತು. ಇಳಿದು ಬಂದು ಬಾನೆಟ್ಟಿನೊಳಗೆ ಕೈ ಹಾಕಿದಳು.

"ಏಯ್ ವಸಂತಿ! ಆಫ್ ಮಾಡಿ ಕೈ ಹಾಕು!" ಕರಿಯಣ್ಣ ನಾಲ್ಕು ಹೆಜ್ಜೆ ಹಿಂದೆ ಸರಿದು ಕೂಗಿದ. "ಓಡೋ ಮೆಷಿನ್ನಿಗೆ ಕೈ ಹಾಕ್ತಾರಾ? ನಮ್ ಕಾರ್ಖಾನೇಲಾಗಿದ್ರೆ ಅವತ್ತೇ ಮನೆಗೆ ಕಳಿಸ್ತಿದ್ರು!"

"ನಾನು ಮನೇಲೇ ಇದೀನಿ," ಎಂದಳು ವಸಂತಮ್ಮ.

ಗೇರ್‌ಬಾಕ್ಸಿನ ಅಳತೆ ಕಡ್ಡಿಯನ್ನು ಎಳೆದು ಬಿಳಿ ಲೈನಿಂಗ್ ಬಟ್ಟೆಯಿಂದ ಒರೆಸಿದಳು. ಮತ್ತೆ ಅದ್ದಿ ಎತ್ತಿದಳು. ಕಡ್ಡಿಯ ತುದಿ ಮಾತ್ರ ಒದ್ದೆ. ಗೆರೆ ಇನ್ನೂ ಬಹಳ ಮೇಲಿತ್ತು.

"ನೋಡು. ಎಂಥ ಬಣ್ಣ?"

"ಕೆಂಪು. ದಾಸವಾಳದ ಥರ."

"ಮೂಸು."

ಬಸವರಾಜೇಶ್ವರಿ ಮೂಸಿದಳು. "ಎಣ್ಣೆ ವಾಸನೆ. ಅಷ್ಟೇ."

"ಗೇರ್‌ಬಾಕ್ಸ್ ಸತ್ತಿದ್ರೆ ಆಯಿಲ್ ಕಪ್ಪಾಗಿ ಸೀದ ವಾಸ್ನೆ ಬರ್ತಿತ್ತು. ಇದು ಸುಟ್ಟಿಲ್ಲ. ಬರೀ ಕಮ್ಮಿಯಾಗಿದೆ. ಅದಕ್ಕೇ ಎಂಜಿನ್ ಕೂಗುತ್ತೆ, ಚಕ್ರಕ್ಕೆ ಜೋರು ಮುಟ್ಟಲ್ಲ."

"ಹಂಗಾದ್ರೆ ಸೋರಿದೆ!" ಕರಿಯಣ್ಣ ತಕ್ಷಣ ಹೇಳಿದ. "ಆ ಮೆಕ್ಯಾನಿಕ್ ಮಲ್ಲಿಕ್ ಹೋದ ತಿಂಗಳು ಆಯಿಲ್ ಬದಲಾಯಿಸಿದ್ನಲ್ಲ — ಅವಂದೇ ಕೆಲಸ. ಬೋಲ್ಟ್ ಸಡಿಲ ಬಿಟ್ಟಿದಾನೆ."

"ಸೋರಿದ್ಯಾ? ನೋಡೇಬಿಡಾಣ."

ಒಳಗೆ ಹೋದವಳು ಬೆಳ್ಳಗಿನ ಪಂಚೆಯೊಂದನ್ನು ತಂದಳು. ಬಸವರಾಜೇಶ್ವರಿ ಅದನ್ನು ಕಾರಿನ ಅಡಿಗೆ ಉದ್ದಕ್ಕೂ ಹಾಸಿದಳು.

"ಅಯ್ಯೋ, ಅದು ನನ್ ಪಂಚೆ!"

"ಕಲೆ ಬಿದ್ರೆ ಮಲ್ಲಿಕ್ ಹತ್ರ ಹೊಸದು ಕೊಡಿಸ್ತೀನಿ ಬಿಡಣ್ಣ."

ಕಾರು ಪಂಚೆಯ ಮೇಲೆ ನಿಂತಿತು. ಎಂಜಿನ್ ಓಡಿಸಿದರು, ನಿಲ್ಲಿಸಿದರು, ಮತ್ತೆ ಓಡಿಸಿದರು. ತಿಂಡಿ ಆಯಿತು. ಅಡುಗೆ ಆಯಿತು. ಎಂಜಿನ್ ಆರಿದ ಮೇಲೆ ಬಸವರಾಜೇಶ್ವರಿ ಪಂಚೆ ಎಳೆದು ನೋಡಿದಳು.

ಒಂದು ಹನಿ ಇಲ್ಲ. ಮದುಮಗ ಉಡಬಹುದು, ಅಷ್ಟು ಬಿಳುಪು.

"ಸೋರಿಲ್ಲ. ಆದ್ರೂ ಆಯಿಲ್ ಇಲ್ಲ," ವಸಂತಮ್ಮ ನಿಧಾನಕ್ಕೆ ಹೇಳಿದಳು. "ಅಂದ್ರೆ?"

"ಅಂದ್ರೆ... ಯಾರೋ ತೆಗೆದಿದಾರೆ!" ಬಸವರಾಜೇಶ್ವರಿಯ ಮೈಯಲ್ಲಿ ಖುಷಿಯ ನಡುಕ ಬಂತು. ವಿನೋಬನಗರದಲ್ಲಿ ಚಿನ್ನ ಕದ್ದಿದ್ದಾರೆ, ಚಪ್ಪಲಿ ಕದ್ದಿದ್ದಾರೆ. ಕಾರಿನ ಹೊಟ್ಟೆಯೊಳಗಿನ ಎಣ್ಣೆ ಕದ್ದವರಿಲ್ಲ.

"ಬಗ್ಗು. ಮೊಬೈಲ್ ಅಡಿಗೆ ತೂರಿಸಿ ಫೋಟೊ ತೆಗಿ. ಎಣ್ಣೆ ಇಳಿಸೋ ಬೋಲ್ಟ್ ಕಾಣ್ಬೇಕು."

ಬಸವರಾಜೇಶ್ವರಿ ನೆಲಕ್ಕೆ ಕೆನ್ನೆ ಇಟ್ಟು ಫೋಟೊ ತೆಗೆದಳು. ಅಡಿಯೆಲ್ಲ ಧೂಳು, ಮಸಿ. ನಡುವೆ ಒಂದೇ ಒಂದು ಬೋಲ್ಟು ತೊಳೆದಿಟ್ಟ ಲೋಟದ ಹಾಗೆ ಹೊಳೆಯುತ್ತಿತ್ತು. ಅದರ ಮೇಲೊಂದು ಹಳದಿ ಬಣ್ಣದ ಗೆರೆ, ಪಕ್ಕದ ಕಬ್ಬಿಣದ ಮೇಲೆ ಇನ್ನೊಂದು. ಎರಡೂ ಒಂದಕ್ಕೊಂದು ಕೂಡಿರಲಿಲ್ಲ.

ವಸಂತಮ್ಮ ಫೋಟೊವನ್ನು ಬಹಳ ಹೊತ್ತು ನೋಡಿದಳು. ಸವಳಂಗ ರಸ್ತೆಯ ಮಲ್ಲಿಕ್‌ಗೆ ಫೋನ್ ಮಾಡಿ, "ಗೇರ್ ಆಯಿಲ್ ತಗೊಂಡು ಬಾ, ನೀನು ಹಾಕಿದ್ಯಲ್ಲ ಅದೇ," ಎಂದಳಷ್ಟೇ.

ಊಟ ಮುಗಿಸಿ ಹೆಂಗಸರಿಬ್ಬರೂ ಕಟ್ಟೆಯ ಮೇಲೆ ಕೂತು ಎಲೆ ಅಡಿಕೆ ಹಾಕುತ್ತಿದ್ದರು.

"ನಂಗೆ ಈಶ್ವರಪ್ಪನ ಮೇಲೇ ಅನುಮಾನ," ಬಸವರಾಜೇಶ್ವರಿ ಪಿಸುಗುಟ್ಟಿದಳು. "ಕಾರು ಕೊಡಿ ಕೊಡಿ ಅಂತ ಹಬ್ಬಕ್ಕೆ ಮುಂಚೆಯಿಂದ ಸುತ್ತುತಾ ಇದಾನೆ. ಅವನ ಮೂತಿ ನೋಡಿದ್ರೇ —"

"ಯಾರ ಮೂತಿ ಅಕ್ಕಾರೆ?"

ಇಬ್ಬರೂ ಬೆಚ್ಚಿದರು. ಗುಜರಿ ಈಶ್ವರಪ್ಪ ಬೆನ್ನ ಹಿಂದೆಯೇ ನಿಂತಿದ್ದ. ಬಸವರಾಜೇಶ್ವರಿ ಎಲೆಯನ್ನು ಸುಣ್ಣದ ಸಮೇತ ನುಂಗಿಬಿಟ್ಟಳು.

"ಬಂದಿದ್ದೇ ಕೇಳಿಸ್ಲಿಲ್ವಲ್ರೀ! ನನ್ ಕಿವಿ ಹೋಯ್ತಾ ಏನ್ ಕತೆ?"

ಅವಳ ದಿಗಿಲಿಗೆ ಕಾರಣವಿತ್ತು. ವಸಂತಮ್ಮನ ಕಬ್ಬಿಣದ ಗೇಟು ಬೀದಿಗೇ ಹೆಸರಾದದ್ದು. ಅದು ತೆಗೆದಾಗ ಕಿರುಚುವ ಕಿರುಚಿಗೆ ನವುಲೆಯ ಕೃಷಿ ಕಾಲೇಜಿನ ದನಗಳು ಎದ್ದು ಹಾಲು ಕರೆಸಿಕೊಳ್ಳಲು ಸಾಲಾಗಿ ನಿಲ್ಲುತ್ತವೆ ಎಂದು ಜನ ಹೇಳುತ್ತಾರೆ.

ವಸಂತಮ್ಮ ಬಾಯಿಗೆ ಹಾಕಬೇಕೆಂದಿದ್ದ ಅಡಿಕೆಯನ್ನು ಕೈಯಲ್ಲೇ ಹಿಡಿದು ಗೇಟಿನ ಕಡೆ ನೋಡಿದಳು. ಎದ್ದು ಕುಂಟುತ್ತ ಅಲ್ಲಿಯವರೆಗೆ ಹೋದಳು. ಕೀಲಿನ ಮೇಲೆ ಬೆರಳಾಡಿಸಿದಳು. ವಾಪಸು ಬಂದು ಪೋರ್ಟಿಕೋದ ನೆಲ ನೋಡಿದಳು. ಕರಿಯಣ್ಣ ಪೂಜೆಯಲ್ಲಿ ಒಡೆದ ಬೂದುಗುಂಬಳದ ಓಕುಳಿ ಕಾರಿನ ಮೂತಿಯ ಕೆಳಗೆಲ್ಲ ಕೆಂಪಗೆ ಒಣಗಿತ್ತು.

"ಬಸವರಾಜೇಶ್ವರಿ, ಒಂದು ನಿಂಬೆಹಣ್ಣು ಕೊಯ್ದು ತಾ."

"ಶರಬತ್ತಿಗಾ?"

"ಸಾಕ್ಷಿಗೆ."

ಅಷ್ಟರಲ್ಲಿ ಮಲ್ಲಿಕ್ ಡಬ್ಬ ಹಿಡಿದು ಬಂದ. ಗೇಟು ಆಗಲೂ ತುಟಿ ಬಿಚ್ಚಲಿಲ್ಲ. ಕರಿಯಣ್ಣ ಅವನನ್ನು ಕಂಡದ್ದೇ ಮೇಲೆ ಬಿದ್ದ.

"ಏನಯ್ಯ, ಹಿಂಗಾ ಕೆಲಸ ಮಾಡೋದು? ನಿನ್ನಿಂದ ನನ್ ತಂಗಿ ಕಾರು ಗುಜರಿಗೆ ಹೋಗ್ತಾ ಇದೆ!"

"ಯಜಮಾನ್ರೆ, ನಾನು ಹಾಕಿದ್ದು ಅಳತೆಗೆ ಸರಿಯಾಗಿತ್ತು. ಅಕ್ಕಾರು ನೋಡಿದಾರೆ."

"ಹೌದು, ನೋಡಿದೀನಿ," ವಸಂತಮ್ಮ ನಡುವೆ ಬಂದಳು. "ಮಲ್ಲಿಕ್, ನೀನು ಬಿಗಿದ ಬೋಲ್ಟಿಗೆ ಹಳದಿ ಗೆರೆ ಎಳೀತೀಯಲ್ಲ, ಯಾಕೆ?"

"ಬೋಲ್ಟಿಂದ ಪಕ್ಕದ ಕಬ್ಬಿಣಕ್ಕೆ ಸೇರಿಸಿ ಒಂದೇ ಗೆರೆ ಎಳೆಯೋದು ಅಕ್ಕ. ಆಮೇಲೆ ಯಾರಾದ್ರೂ ತಿರುಗಿಸಿದ್ರೆ ಗೆರೆ ತುಂಡಾಗುತ್ತೆ."

ವಸಂತಮ್ಮ ಫೋಟೊ ತೋರಿಸಿದಳು. ಮಲ್ಲಿಕ್ ಕಣ್ಣು ಕಿರಿದು ಮಾಡಿದ. "ಇದನ್ನ ಬಿಚ್ಚಿ ಹಾಕಿದಾರೆ. ನಾನಲ್ಲ. ನಾನಾಗಿದ್ರೆ ಹೊಸ ಗೆರೆ ಎಳೀತಿದ್ದೆ."

"ಹಂಗಾದ್ರೆ ಈಶ್ವರಪ್ಪ!" ಬಸವರಾಜೇಶ್ವರಿ ನಿಂಬೆಹೋಳು ಹಿಡಿದೇ ಕೂಗಿದಳು.

"ನಾನ್ಯಾಕ್ ತಾಯಿ ತೆಗೀಲಿ?" ಈಶ್ವರಪ್ಪ ಎದೆ ಮುಟ್ಟಿಕೊಂಡ. "ನಾನು ತಗೊಳ್ಳೋ ಗಾಡೀನ ನಾನೇ ಕೆಡಿಸ್ತೀನಾ? ಓಡೋ ಗಾಡಿ ಸಿಕ್ಕಿದ್ರೆ ನಂಗೇ ಒಳ್ಳೇದಲ್ವಾ?"

"ಅವನು ಹೇಳೋದು ಸರಿ," ಎಂದಳು ವಸಂತಮ್ಮ. "ಎಲ್ರೂ ಕೇಳಿ. ಪೂಜೆ ಹಿಂದಿನ ಸಂಜೆ ನಾನು ನವುಲೆಗೆ ಹೋಗ್ಬಂದೆ. ಕಾರು ಬೆಣ್ಣೆ ಥರ ಓಡಿತ್ತು. ಪೂಜೆ ದಿನ ಕಾರು ಇಲ್ಲಿಂದ ಅಲುಗಲಿಲ್ಲ. ಇವತ್ತು ಬೆಳಿಗ್ಗೆ ಆಯಿಲ್ ಇಲ್ಲ. ಅಂದ್ರೆ ಎಣ್ಣೆ ಇಳಿಸಿದ್ದು ಇಲ್ಲೇ, ಇದೇ ಜಾಗದಲ್ಲಿ. ಇಳಿಸೋವಾಗ ನಾಲ್ಕು ಹನಿಯಾದ್ರೂ ಚೆಲ್ಲಲೇಬೇಕು. ಎಲ್ಲಿ ಆ ಕಲೆ?"

ಎಲ್ಲರೂ ನೆಲ ನೋಡಿದರು.

"ಇಲ್ಲಿರೋದು ಓಕುಳಿ ಅಷ್ಟೇ ಅಕ್ಕ," ಎಂದಳು ಬಸವರಾಜೇಶ್ವರಿ.

"ಓಕುಳಿ ಅಂದ್ರೆ ಅರಿಶಿನಕ್ಕೆ ಸುಣ್ಣ. ನಾನೇ ಕಲಸಿದ್ದು. ಮದುವೆ ಮನೇಲಿ ಆರತಿ ಹೊತ್ತಿಗೆ ಸೀರೆ ಮೇಲೆ ಓಕುಳಿ ಬಿದ್ರೆ ನಾನೇನ್ ಮಾಡ್ತೀನಿ ಗೊತ್ತಾ? ಮೊದಲು ನಿಂಬೆಹಣ್ಣು ಮುಟ್ಟಿಸ್ತೀನಿ. ಕೆಂಪು ಹೋಗಿ ಹಳದಿಯಾಗುತ್ತೆ. ಹಿಂಡು ಇಲ್ಲಿ."

ಬಸವರಾಜೇಶ್ವರಿ ಹಿಂಡಿದಳು. ಕೆಂಪು ಕಲೆ ನೋಡನೋಡುತ್ತ ಹಳದಿಗೆ ತಿರುಗಿತು. ಈಶ್ವರಪ್ಪ 'ಅಬ್ಬ!' ಎಂದ.

"ಈಗ ಇಲ್ಲಿ ಹಿಂಡು. ಕಾರು ಜಿಗಿಯೋ ಮುಂಚೆ ಬೋಲ್ಟ್ ಇದ್ದ ನೇರಕ್ಕೆ."

ಹಿಂಡಿದಳು. ರಸ ಮಣಿಮಣಿಯಾಗಿ ಜಾರಿತು. ಕಲೆ ಕೆಂಪಾಗಿಯೇ ಇತ್ತು. ಮತ್ತೆ ಹಿಂಡಿದಳು. ಆಗಲೂ ಕೆಂಪು. ಬೆರಳಲ್ಲಿ ಉಜ್ಜಿದರೆ ಜಿಡ್ಡು.

"ಗೇರ್ ಆಯಿಲ್!" ಮಲ್ಲಿಕ್ ಬಗ್ಗಿ ಮೂಸಿದ.

"ಓಕುಳಿ ನಡುವೆ ಎಣ್ಣೆ. ಅದಿದ್ದ ಕಡೆ ಓಕುಳಿ ನೆಲಕ್ಕೆ ಹಿಡಿದಿಲ್ಲ. ಎಣ್ಣೆ ಬಿದ್ದ ಮೇಲೆ ಕುಂಬಳ ಒಡೆದಿದ್ದು," ವಸಂತಮ್ಮನ ದನಿ ಏರಲಿಲ್ಲ. "ಇನ್ನೊಂದು ಕೇಳ್ತೀನಿ. ಊರಲ್ಲೆಲ್ಲ ಕುಂಬಳ ಎಲ್ಲಿ ಒಡೀತಾರೆ?"

"ಬೀದೀಲಿ," ಈಶ್ವರಪ್ಪ ಎಂದ. "ದೃಷ್ಟಿ ಹೊರಗೆ ಹೋಗ್ಬೇಕಲ್ಲ."

"ನಮ್ಮನೇಲಿ ಮಾತ್ರ ಕಾರಿನ ಮೂತಿ ಬುಡಕ್ಕೇ ಒಡೆದ್ರು. ಸರಿ, ಇಳಿಸಿದ ಎಣ್ಣೆ ಎಲ್ಲಿ ಹೋಯ್ತು? ಕಳ್ಳನಾಗಿದ್ರೆ ಚರಂಡಿಗೆ ಚೆಲ್ತಿದ್ದ. ಇದನ್ನ ಇಳಿಸಿದವನು ಎಣ್ಣೆ ಬೆಲೆ ಗೊತ್ತಿರೋನು. ಒಂದು ಹನಿ ದಂಡ ಮಾಡೋನಲ್ಲ. ಬಸವರಾಜೇಶ್ವರಿ, ನಿಂಗೆ ಬೆಳಿಗ್ಗೆ ಯಾಕೆ ಎಚ್ಚರ ಆಗ್ಲಿಲ್ಲ?"

"ಹೋಳಿಗೆ —"

"ಹೋಳಿಗೆ ಅಲ್ಲ ಮಾರಾಯ್ತಿ. ದಿನಾ ನಾನು ಗೇಟ್ ತೆಗೆದ್ರೆ ನೀನು ಏಳ್ತೀಯ. ಇವತ್ತು ಗೇಟ್ ಕಿರುಚಲಿಲ್ಲ. ಈಶ್ವರಪ್ಪ ಬಂದ, ಕಿರುಚಲಿಲ್ಲ. ಮಲ್ಲಿಕ್ ಬಂದ, ಕಿರುಚಲಿಲ್ಲ." ಅವಳು ಬೆರಳು ಎತ್ತಿ ತೋರಿಸಿದಳು. ತುದಿ ಕೆಂಪಗಿತ್ತು. "ಗೇಟಿನ ಕೀಲುಗಳಿಗೆ ಕೆಂಪೆಣ್ಣೆ. ಹಬ್ಬದ ದಿನ ಕಾರು ತೊಳೆಯಕ್ಕೆ ಬಿಟ್ಟು ನಾನು ಆಟೋದಲ್ಲಿ ಹೂವಿನ ಮಾರ್ಕೆಟ್ಟಿಗೆ ಹೋದಾಗ ಮನೇಲಿ ಇದ್ದಿದ್ದು ಒಬ್ರೇ. ಕಾರು ತೊಳೆದಿದ್ದು ಅವರೇ. ಕುಂಬಳ ಒಡೆದಿದ್ದೂ ಅವರೇ."

ಯಾರೂ ತಿರುಗಿ ನೋಡಲಿಲ್ಲ. ನೋಡುವ ಅಗತ್ಯ ಇರಲಿಲ್ಲ.

"ಯಾಕಣ್ಣ?"

ಕರಿಯಣ್ಣ ಪಂಚೆಯ ತುದಿಯಿಂದ ಮುಖ ಒರೆಸಿಕೊಂಡ. ಕಾರಿನಡಿಯಿಂದ ಬಂದ ಅದೇ ಪಂಚೆ.

"ಕೆಡಿಸ್ಬೇಕು ಅಂತ ಮಾಡಿದ್ನೇನೆ? ಹಬ್ಬಕ್ಕೆ ಎಲ್ಲ ಎಣ್ಣೆ ನೋಡಾಣ ಅಂತ ಕಡ್ಡಿ ಎಳೆದೆ. ಗೆರೆ ದಾಟಿ ಮೇಲೆ ಇತ್ತು. ಈ ಮಲ್ಲಿಕ್ ಜಾಸ್ತಿ ಸುರಿದಿದಾನೆ ಅನ್ಕೊಂಡೆ. ಗೆರೆಗೆ ಬರೋವರೆಗೂ ಇಳಿಸ್ದೆ."

"ಎಂಜಿನ್ ಆಫ್ ಇತ್ತಾ ಯಜಮಾನ್ರೆ?" ಮಲ್ಲಿಕ್ ಕೇಳಿದ.

"ಮತ್ತೆ? ಓಡೋ ಮೆಷಿನ್ನಿಗೆ ಕೈ ಹಾಕಕ್ಕಾಗುತ್ತಾ? ಮೊದಲು ನಿಲ್ಸು, ಆಮೇಲೆ ಮುಟ್ಟು. ಕಾರ್ಖಾನೆ ಗೋಡೆ ಮೇಲೆ ಬರ್ದಿರೋರು. ಹಂಗೇ ಬದುಕಿ ಬಂದೋನು ನಾನು."

ಬಸವರಾಜೇಶ್ವರಿಗೆ ಬೆಳಗಿನ ಕೂಗು ಕಿವಿಯಲ್ಲಿ ಗುಂಯ್ ಎಂದಿತು. *ಆಫ್ ಮಾಡಿ ಕೈ ಹಾಕು!* ಅಪರಾಧಿ ಎಲ್ಲರ ಮುಂದೆ ನಿಂತು ತನ್ನ ಅಪರಾಧವನ್ನು ಗಂಟಲು ಹರಿಯುವಂತೆ ಕೂಗಿದ್ದ. ಒಬ್ಬರಿಗೂ ಕೇಳಿಸಿರಲಿಲ್ಲ, ವಸಂತಮ್ಮ ಒಬ್ಬಳ ಹೊರತು.

"ಅದೇ ಅಣ್ಣ ತಪ್ಪಾಗಿದ್ದು. ಮಡಿಚಿಟ್ಟ ಸೀರೆ ಕೈ ತುಂಬ ಕಾಣುತ್ತೆ. ಉಟ್ಟ ಮೇಲೆ ಕೈಲಿ ಉಳಿಯೋದು ಸೆರಗು ಮಾತ್ರ. ಎಂಜಿನ್ ಓಡೋವಾಗ ಗೇರ್‌ಬಾಕ್ಸ್ ಎಣ್ಣೆ ಉಟ್ಕೊಂಡಿರುತ್ತೆ. ನಿಲ್ಸಿದ್ರೆ ಎಲ್ಲ ಕೆಳಗಿಳಿದು ಕಡ್ಡಿಗೆ ಜಾಸ್ತಿ ಹತ್ತುತ್ತೆ. ಅದಕ್ಕೇ ಈ ಕಾರಲ್ಲಿ ಓಡ್ತಾ ಇರೋವಾಗ ಅಳೀಬೇಕು. ನೀನು ಇಳಿಸಿದ್ದು ಹೆಚ್ಚಿನ ಎಣ್ಣೆ ಅಲ್ಲ. ಅದಕ್ಕೆ ಬೇಕಾಗಿರೋದನ್ನೇ."

"ಬೆಳಿಗ್ಗೆ ಕದಲದೆ ಇದ್ದಾಗಲೇ ನನ್ನೆದೆ ಧಸಕ್ ಅಂತು ವಸಂತಿ. ಗೇರ್‌ಬಾಕ್ಸ್ ನನ್ ಕೈಯಾರೆ ಸತ್ತೇ ಹೋಯ್ತು ಅನ್ಕೊಂಡೆ. ಒಂದು ಮೆಷಿನ್ ಕೆಡಿಸ್ದೋನಲ್ಲ ನಾನು. ಹೇಳಕ್ಕೆ ಬಾಯಿ ಬರ್ಲಿಲ್ಲ. ಬೇಗ ಮಾರಿಬಿಟ್ರೆ ಯಾರೂ ಬಿಚ್ಚಿ ನೋಡಲ್ಲ ಅಂತ..."

"ನೀನು ಮಾರಕ್ಕೆ ಹೊರಟಿದ್ದು ಕಾರಲ್ಲ," ವಸಂತಮ್ಮ ಕಾರಿನ ಬಾಗಿಲ ಮೇಲೆ ಕೈ ಇಟ್ಟಳು. "ನಂಗೆ ದೇವರು ಕೊಡದೆ ಇದ್ದ ಕಾಲನ್ನ ನಾನೇ ಸಂಪಾದಿಸಿದೀನಿ. ಅದನ್ನ ಮಾರಕ್ಕೆ ಹೊರಟಿದ್ದೆ. ನಿನ್ನ ಮರ್ಯಾದೆ ಉಳೀಲಿ ಅಂತ."

ಈಶ್ವರಪ್ಪ ತನ್ನ ಚಪ್ಪಲಿಯ ಕಡೆ ನೋಡುತ್ತ ನಿಂತ.

"ತಪ್ಪಾಯ್ತು," ಎಂದ ಕರಿಯಣ್ಣ.

"ಮೊದಲು ಮಲ್ಲಿಕ್‌ಗೆ ಹೇಳು."

ಹೇಳಿದ. ಮಲ್ಲಿಕ್ ಹೆಗಲ ಮೇಲಿನ ಟವೆಲ್ ಕೊಡವಿ, "ಬಿಡಿ ಯಜಮಾನ್ರೆ, ಬೈಸಿಕೊಳ್ಳೋದು ನಮ್ ಕಸುಬಲ್ಲೇ ಸೇರಿದೆ," ಎಂದ.

"ಈಗ ಶಿಕ್ಷೆ," ಎಂದಳು ವಸಂತಮ್ಮ. ಕಾರು ಹತ್ತಿ ಎಂಜಿನ್ ಹಚ್ಚಿದಳು. "ಮಲ್ಲಿಕ್ ಸ್ವಲ್ಪ ಸ್ವಲ್ಪ ಸುರೀತಾನೆ. ಕಡ್ಡಿ ಹಾಕಿ ಅಳೆಯೋದು ನೀನು. ಎಂಜಿನ್ ಓಡ್ತಾನೇ ಇರುತ್ತೆ."

ಕರಿಯಣ್ಣ ಬಾನೆಟ್ಟಿನ ಮುಂದೆ ನಿಂತ. ಬಸವರಾಜೇಶ್ವರಿ ದೇವರಾಣೆ ಮಾಡಿ ಹೇಳುತ್ತಾಳೆ: ಆ ಮನುಷ್ಯನ ಮೀಸೆಯ ಒಂದೊಂದು ಕೂದಲೂ ಬೇರೆ ಬೇರೆಯಾಗಿ ನಡುಗುತ್ತಿತ್ತು. ಕಣ್ಣು ಮುಚ್ಚಿ, ಮನೆದೇವರನ್ನು ನೆನೆದು, ಓಡುವ ಮೆಷಿನ್ನಿಗೆ ಹುಟ್ಟಿ ಮೊದಲ ಬಾರಿಗೆ ಕೈ ಹಾಕಿದ. ಕಡ್ಡಿ ಎಳೆದ. ಒರೆಸಿದ. ಅದ್ದಿದ. ಮತ್ತೆ ಎಳೆದ.

"ಇನ್ನೂ ಬೇಕು."

ಮಲ್ಲಿಕ್ ಸುರಿದ. ವಸಂತಮ್ಮ ಬ್ರೇಕ್ ಒತ್ತಿ ಗೇರನ್ನು ಒಂದು ಸುತ್ತು ಆಡಿಸಿ ಪಾರ್ಕಿಂಗಿಗೆ ತಂದಳು. ಕಡ್ಡಿ ಮತ್ತೆ ಇಳಿಯಿತು.

"ಇನ್ನೊಂಚೂರು... ಸಾಕು! ಗೆರೆಗೆ ಬಂತು! ವಸಂತಿ, ಗೆರೆಗೆ ಬಂತು!"

ಬಾನೆಟ್ ಮುಚ್ಚಿತು. ವಸಂತಮ್ಮ ಡಿ ಹಾಕಿದಳು. ಕೂಗಿಲ್ಲ, ಹಟವಿಲ್ಲ. ಕಾರು ಮೆತ್ತಗೆ ಹೊರಟು, ಗೇಟು ದಾಟಿ, ಸವಳಂಗ ರಸ್ತೆಯ ಏರನ್ನು ಎಳೆ ಕರು ಹತ್ತಿದ ಹಾಗೆ ಹತ್ತಿ, ಒಂದು ಸುತ್ತು ಹಾಕಿ ಮರಳಿ ಬಂತು. ಈಶ್ವರಪ್ಪ ಆಸೆಯಿಂದ ನೋಡಿ ಉಸಿರುಬಿಟ್ಟ. "ಓಡೋ ಗಾಡಿ ಕೊಡಲ್ಲ ಅಂತೀರಾ ಅಕ್ಕಾರೆ?"

"ಟೀ ಕೊಡ್ತೀನಿ. ಕುಡ್ಕೊಂಡ್ ಹೋಗಿ."

ಮಾರನೆಯ ಬೆಳಿಗ್ಗೆ ಅದು ಭದ್ರಾವತಿಗೆ ಹೋದ ವೇಗಕ್ಕೆ ಪಕ್ಕದಲ್ಲಿ ಓಡುತ್ತಿದ್ದ ರೈಲಿನ ಗಾರ್ಡು ನಾಚಿ ಹಸಿರು ಬಾವುಟ ಒಳಗಿಟ್ಟುಕೊಂಡನಂತೆ. ಹಿಂದಿನ ಸೀಟಲ್ಲಿ ಬಸವರಾಜೇಶ್ವರಿ, ಮುಂದೆ ತಂಗಿಯ ಪಕ್ಕದಲ್ಲಿ ಸೀರೆಯ ಚೀಲ ತಬ್ಬಿಕೊಂಡು ಕರಿಯಣ್ಣ. ಪ್ರಿಯದರ್ಶಿನಿಗೆ ಉಡಿಸಿದ ನೆರಿಗೆ ಎಷ್ಟು ಸಮನಾಗಿತ್ತೆಂದರೆ ಗಂಡಿನ ಕಡೆಯವರು ಉಂಗುರ ತೊಡಿಸುವುದನ್ನು ಮರೆತು ನೆರಿಗೆ ಎಣಿಸುತ್ತ ಕೂತರು. ಊಟ ಮುಗಿದ ಮೇಲೆ ಛತ್ರದ ಬಾಗಿಲಲ್ಲಿ ಯಾರೋ, "ವಸಂತಮ್ಮನೋರೆ, ನಿಮ್ಮನ್ನ ಯಾರು ಬಿಡ್ತಾರೆ?" ಎಂದು ಕೇಳಿದರು. ವಸಂತಮ್ಮ ಕೀಲಿ ಕುಣಿಸುತ್ತ, "ಯಾರನ್ನಾದ್ರೂ ಶಿವಮೊಗ್ಗಕ್ಕೆ ಬಿಡಬೇಕಿತ್ತಾ?" ಎಂದಳು.

ನಡೆದದ್ದು ಇಷ್ಟು. ಇನ್ನೂ ನಂಬಿಕೆ ಬಾರದ ಮುಖ ಒಂದೆರಡು ಕಾಣುತ್ತಿವೆ. ಆಯಿತು, ಹೊರಗೆ ನಿಂತಿರುವ ನಿಮ್ಮ ಕಾರಿನ ಕೀಲಿ ಇತ್ತ ಕೊಡಿ. ಭದ್ರಾವತಿಗೇ ಹೋಗಿ ವಸಂತಮ್ಮ ಸೀರೆ ಉಡಿಸಿದ ಛತ್ರವನ್ನು ತೋರಿಸಿಯೇ ಬರೋಣ. ಪೆಟ್ರೋಲ್ ನಿಮ್ಮದು, ದಾರಿಯ ತಿಂಡಿಯೂ ನಿಮ್ಮದೇ.